ಹೃದಯ ನಿಂತ ಮೇಲೆ ಅವಯವದಾನ: ಶ್ರಾವಕಧರ್ಮದ ದೃಷ್ಟಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಶ್ರಾವಕರ ಮನೆಗಳಲ್ಲಿ ಮರಣ ಸಂಭವಿಸಿದೊಡನೆ ಹಿರಿಯರು ಅಂತ್ಯಸಂಸ್ಕಾರಕ್ಕೆ ತ್ವರೆಪಡಿಸುತ್ತಾರೆ. ಶವದಲ್ಲಿ ಅಂತರ್ಮುಹೂರ್ತದೊಳಗೆ ಸಮ್ಮೂರ್ಛನ ಜೀವಿಗಳು ಹುಟ್ಟತೊಡಗುತ್ತವೆ, ತಡಮಾಡಿದಷ್ಟೂ ಹಿಂಸೆ ಹೆಚ್ಚುತ್ತದೆ ಎಂಬುದೇ ಇದರ ಹಿಂದಿನ ಭಾವನೆ. ಈಗ ಅದೇ ಹೊಸ್ತಿಲಲ್ಲಿ ಇನ್ನೊಂದು ಪ್ರಶ್ನೆ ಬಂದು ನಿಂತಿದೆ. ಹೃದಯಸ್ತಂಭನದಿಂದ ತೀರಿಕೊಂಡವರ ಅವಯವಗಳನ್ನು ಮತ್ತೊಬ್ಬರಿಗೆ ಕೊಡುವುದು ಧರ್ಮವೋ, ಅಧರ್ಮವೋ?

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಸ್ತಂಭನದಿಂದ ನಿಧನರಾದಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ದೊರೆಯಿತು. ಕಾರ್ನಿಯಾವನ್ನು ಪದರಗಳಾಗಿ ಬೇರ್ಪಡಿಸಿ ಜೋಡಿಸಿದ್ದರಿಂದ ಇದು ಸಾಧ್ಯವಾಯಿತು. ಕಣ್ಣುಗಳನ್ನು ಮರಣಾನಂತರ ಸುಮಾರು 6 ಗಂಟೆಗಳೊಳಗೆ ಮನೆಯಲ್ಲಿಯೇ ತೆಗೆಯಬಹುದು. ಅದಕ್ಕೆ ಅರ್ಧ ಗಂಟೆ ಸಾಕು. ಮೂತ್ರಪಿಂಡ, ಯಕೃತ್ತುಗಳ ಮಾತು ಬೇರೆ. ರಕ್ತಸಂಚಾರ ನಿಂತ ಕೆಲವೇ ನಿಮಿಷಗಳಲ್ಲಿ ಅವು ಕೆಡತೊಡಗುವುದರಿಂದ ಸಜ್ಜಾದ ಆಸ್ಪತ್ರೆಯಲ್ಲಿ ಮಾತ್ರ ಆ ದಾನ ಶಕ್ಯ. ಭಾರತದ 1994ರ ಕಾಯಿದೆಯು ಮೆದುಳುಕಾಂಡದ ಮರಣ, ಹೃದಯ-ಶ್ವಾಸಗಳು ನಿಂತು ಆದ ಮರಣ ಎರಡನ್ನೂ ಒಪ್ಪುತ್ತದೆ. ಮೊದಲನೆಯದನ್ನು ನಾಲ್ವರು ವೈದ್ಯರ ಮಂಡಲಿಯು 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಎರಡನೆಯದರಲ್ಲಿ, ಹೃದಯ ನಿಂತ ಮೇಲೆ 5 ನಿಮಿಷ ಶರೀರವನ್ನು ಮುಟ್ಟದೆ ಕಾಯುವ ಪದ್ಧತಿ ಹಲವು ದೇಶಗಳಲ್ಲಿದೆ.

ಧರ್ಮಸೂಕ್ಷ್ಮವಿರುವುದು ಈ 5 ನಿಮಿಷಗಳಲ್ಲಿ. ಎದೆಯನ್ನು ಒತ್ತಿ, ನಿಂತ ಹೃದಯವನ್ನು ಮತ್ತೆ ನಡೆಸಿದ ಪ್ರಸಂಗಗಳುಂಟು. ಹಾಗಾದರೆ ಹೃದಯ ನಿಂತಿತೆಂದರೆ ಜೀವ ಹೋಯಿತೆಂದೇ ಅರ್ಥವೇ? ಜೈನಶಾಸ್ತ್ರವು ಹತ್ತು ಪ್ರಾಣಗಳನ್ನು ಹೇಳುತ್ತದೆ: ಐದು ಇಂದ್ರಿಯಗಳು, ಮನ-ವಚನ-ಕಾಯಗಳೆಂಬ ಮೂರು ಬಲಗಳು, ಶ್ವಾಸೋಚ್ಛ್ವಾಸ ಮತ್ತು ಆಯು. ಶ್ವಾಸ ಕಣ್ಣಿಗೆ ಕಾಣುತ್ತದೆ. ಆಯು ಯಾವ ಯಂತ್ರಕ್ಕೂ ಕಾಣದು. ಕಾಣುವ ಲಕ್ಷಣಗಳಿಂದ ಕಾಣದುದನ್ನು ಅನುಮಾನಿಸುವುದೊಂದೇ ಗೃಹಸ್ಥನ ದಾರಿ. ಚಿತೆಗೆ ಬೆಂಕಿ ಕೊಡುವಾಗಲೂ ಅವನು ನಂಬುವುದು ಈ ಅನುಮಾನವನ್ನೇ. ಆದರೆ ಮರಣಕ್ಕೂ ಚಿತೆಗೂ ನಡುವೆ ಗಂಟೆಗಳಿವೆ, ಇಲ್ಲಿ ನಿಮಿಷಗಳು ಮಾತ್ರ. ಉಮಾಸ್ವಾಮಿ ಆಚಾರ್ಯರು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಂಡರು. ಪರೋಪಕಾರದ ಆತುರವೂ ಪ್ರಮಾದವಾಗಬಲ್ಲದು. ಆದಕಾರಣ ಚಿಕಿತ್ಸೆಯನ್ನು ನಿಲ್ಲಿಸುವ ನಿರ್ಣಯವು ರೋಗಿಯ ಸ್ಥಿತಿಯೊಂದನ್ನೇ ನೋಡಿ ಆಗಬೇಕು. ಮರಣವನ್ನು ಸಾರುವ ವೈದ್ಯನು ಅವಯವ ಜೋಡಿಸುವ ವೈದ್ಯನಾಗಿರಬಾರದು.

ದಾನವೆಂದರೆ ಅನ್ಯರ ಹಿತಕ್ಕಾಗಿ ತನ್ನದನ್ನು ತ್ಯಜಿಸುವುದು. ಒಪ್ಪಿಗೆಯಿಲ್ಲದೆ ತೆಗೆದುಕೊಂಡುದು ದಾನವಾಗದು; ನಂಬಿ ಇಟ್ಟ ಹಣವನ್ನು ಅಂಗಡಿಕಾರ ನುಂಗಿದಂತೆ ಅದು ನ್ಯಾಸಾಪಹಾರವೇ ಸರಿ.

ಸಮ್ಮೂರ್ಛನ ಜೀವಿಗಳ ಹಿಂಸೆಯ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಆದರೆ ದೂರದೂರಿನ ನಂಟರಿಗಾಗಿ ಗಂಟೆಗಟ್ಟಲೆ ಶವವನ್ನಿಟ್ಟು ಕಾಯುವ ಮನೆಯು ಅಂಧನೊಬ್ಬನಿಗಾಗಿ ಅರ್ಧ ಗಂಟೆ ಕಾಯಲೊಲ್ಲದಾದರೆ ಅದನ್ನು ಅಹಿಂಸೆಯೆನ್ನಲಾಗದು.

ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೆ ಆಶ್ರಯವಿತ್ತ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಪ್ರಸಿದ್ಧ. ಅದು ಶಾಸ್ತ್ರದಾನ. ಶಾಸ್ತ್ರವನ್ನು ಓದಲು ಕಣ್ಣಿಲ್ಲದವನಿಗೆ ಕಣ್ಣು ಕೊಡುವುದನ್ನು ಔಷಧದಾನದ ಸಾಲಿನಿಂದ ಹೊರಗಿಡಲು ಕಾರಣ ಕಾಣುವುದಿಲ್ಲ.

ಮರಣದ ಗಳಿಗೆಯಲ್ಲಿ ಅಳುವ ಮನೆಯವರನ್ನು ಕೇಳಿ ನಿರ್ಣಯಿಸುವ ವಿಷಯ ಇದಲ್ಲ. ದಶಲಕ್ಷಣ ಪರ್ವದ ಉತ್ತಮ ತ್ಯಾಗದ ದಿನ ಬಸದಿಗಳಲ್ಲಿ ಇದರ ಚರ್ಚೆ ನಡೆಯಲಿ. ಪ್ರತಿಯೊಬ್ಬರೂ ಕೊಡುವೆನೆಂದೋ ಒಲ್ಲೆನೆಂದೋ ಬದುಕಿರುವಾಗಲೇ ಮನೆಯವರಿಗೆ ತಿಳಿಸಿಡಲಿ. ಒಲ್ಲೆನೆಂದವರನ್ನು ಯಾರೂ ನಿಂದಿಸದಿರಲಿ. ಬಲವಂತದಿಂದ ಬಂದ ತ್ಯಾಗಕ್ಕೆ ಪುಣ್ಯವಿಲ್ಲ.