ನೆನಪುಳಿಯದ ಜಾತ್ರೆಯ ಫಲ

ಕೊಪ್ಪಳದ ಗವಿಮಠದ ಜಾತ್ರೆ ಪುಷ್ಯ ಮಾಸದ ಹುಣ್ಣಿಮೆಯ ಬೆನ್ನಿಗೆ, ಸಾಮಾನ್ಯವಾಗಿ ಜನವರಿಯಲ್ಲಿ ನಡೆಯುತ್ತದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಮನೆಮಂದಿ ಎರಡು-ಮೂರು ವರ್ಷದ ಕೂಸುಗಳನ್ನೂ ಕಟ್ಟಿಕೊಂಡು ಬರುತ್ತಾರೆ. ದೊಡ್ಡದಾದ ಮೇಲೆ ನೆನಪೇ ಉಳಿಯದ ದರ್ಶನದಿಂದ ಕೂಸಿಗೆ ಫಲವೇನು?

ಫಲ ಅರಿವಿನಿಂದಲೇ ಬರುವುದಾದರೆ ಕೂಸಿಗೆ ಏನೂ ದಕ್ಕದು. ಆದರೆ ವೀರಶೈವ ಸಂಪ್ರದಾಯ ಅರಿವು ಮೂಡುವ ಮೊದಲೇ ಹಸುಗೂಸಿಗೂ ಲಿಂಗಧಾರಣೆ ಮಾಡುತ್ತದೆ. ಸಂಸ್ಕಾರ ಮೊದಲು, ತಿಳಿವಳಿಕೆ ಆಮೇಲೆ.

ಎರಡನೆಯ ಪ್ರಶ್ನೆ ಆಟದ್ದು. ತೇರಿನತ್ತ ಉತ್ತತ್ತಿ ಹಾರುವಾಗ ಅಪ್ಪನ ಹೆಗಲೇರಿದ ಕೂಸಿನ ಕಣ್ಣು ಪೀಪಿ, ತೊಟ್ಟಿಲು, ಬೆಂಡು-ಬತ್ತಾಸಿನ ಮೇಲಿರುತ್ತದೆ. ಇದರಿಂದ ಭಕ್ತಿಗೆ ಕುಂದಿಲ್ಲ. ಬ್ರಹ್ಮಸೂತ್ರ ಸೃಷ್ಟಿಯನ್ನೇ ಲೀಲೆ, ಅಂದರೆ ಆಟ, ಎನ್ನುತ್ತದೆ. ಆನೆಗೊಂದಿ ಬಳಿಯ ಅಂಜನಾದ್ರಿಯಲ್ಲಿ ಹುಟ್ಟಿದನೆಂದು ಜನ ನಂಬುವ ಹನುಮನೂ ಬಾಲ್ಯದಲ್ಲಿ ಸೂರ್ಯನನ್ನು ಹಣ್ಣೆಂದು ತಿಳಿದು ಹಾರಿದವನೇ.

ಉಳಿದದ್ದು ಹಿರಿಯರ ಹೊಣೆ. ಎದುರಿನವರ ಹಸಿವನ್ನು ಮೊದಲು ನೋಡುವುದು ದಾಸೋಹ. ಕೂಸಿನ ಹಸಿವು, ನಿದ್ದೆ, ದಣಿವು ನೋಡಿ ದಿನ ಹೊಂದಿಸುವುದೂ ದಾಸೋಹವೇ: ತೇರಿನ ನೂಕುನುಗ್ಗಲು ತಪ್ಪಿಸಿ ಮರುದಿನ ಬೆಳಿಗ್ಗೆ ಗದ್ದುಗೆಯ ದರ್ಶನ, ಪ್ರಸಾದದಲ್ಲಿ ರೊಟ್ಟಿಯ ಬದಲು ಮೆತ್ತಗೆ ಕಿವುಚಿದ ಅನ್ನ, ಮಧ್ಯಾಹ್ನ ನೆರಳಲ್ಲಿ ನಿದ್ದೆ, ಸಂಜೆ ತೊಟ್ಟಿಲು, ಅಂಗಿಯ ಕಿಸೆಯಲ್ಲಿ ಫೋನ್ ನಂಬರಿನ ಚೀಟಿ. ಜಾತ್ರೆಯ ಜೊತೆಗೆ ಅಂಜನಾದ್ರಿಗೂ ಹೋಗುವುದಾದರೆ ಅಲ್ಲಿನ 575 ಮೆಟ್ಟಿಲಿಗೆ ಅವಸರ ಬೇಡ. ಅಳುವ ಕೂಸನ್ನು ಎಳೆದೊಯ್ದು ಮಾಡಿಸಿದ ದರ್ಶನಕ್ಕಿಂತ ನಗುತ್ತ ಮನೆಗೆ ಮರಳಿದ ಕೂಸೇ ಜಾತ್ರೆಯ ಫಲ.