ಗವಾಕ್ಷದ ಬೆಳಕು

ರಾಯರು: ಶಾಸ್ತ್ರಿಗಳೇ, ಗವಾಕ್ಷದಿಂದ ಒಳಬೀಳುವ ಬಿಸಿಲುಕೋಲಿನಲ್ಲಿ ತೇಲಾಡುವ ಧೂಳಿನ ಕಣವನ್ನು ತ್ರಸರೇಣುವೆಂದು ಕರೆದು, ಕಣ್ಣಿಗೆ ಕಾಣತಕ್ಕ ವಸ್ತುಗಳಲ್ಲಿ ಅದೇ ಅತ್ಯಂತ ಕಿರಿದೆಂದು ತಾವು ತರ್ಕಪಾಠದಲ್ಲಿ ಹೇಳುತ್ತಿದ್ದಿರಲ್ಲವೇ?

ಶಾಸ್ತ್ರಿಗಳು: ಅದು ವೈಶೇಷಿಕರ ಮತ. ಅದಕ್ಕಿಂತ ಕಿರಿದಾದ ದ್ವ್ಯಣುಕ, ಪರಮಾಣುಗಳು ಪ್ರತ್ಯಕ್ಷಕ್ಕೆ ನಿಲುಕವು, ಅನುಮಾನದಿಂದಷ್ಟೇ ಸಿದ್ಧವಾಗುವಂಥವು. ಈಗ ಆ ಮಾತೇಕೆ ಬಂದಿತು?

ರಾಯರು: ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಹೊಸದೊಂದು ಗವಾಕ್ಷವನ್ನು ತೆರೆದಿದ್ದಾರೆ. ಎರಡು ಲೇಸರ್ ಕಿರಣಗಳನ್ನು ಒಂದೆಡೆ ಕೂಡಿಸಿ, ಆಯಾ ಪ್ಲಾಸ್ಟಿಕ್ಕಿನ ಅಣುಗಳು ತಮ್ಮ ಸ್ವಭಾವಕ್ಕೆ ತಕ್ಕಂತೆ ಕಂಪಿಸುವುದನ್ನು ಗುರುತಿಸುವ ಉಪಾಯದಿಂದ, ಅಂಗಡಿಯಲ್ಲಿ ಮಾರುವ ಮೂರು ಬಗೆಯ ಬಾಟಲಿ ನೀರನ್ನು ಪರೀಕ್ಷಿಸಿ, ಲೀಟರೊಂದಕ್ಕೆ ಸರಾಸರಿ ಸುಮಾರು 2,40,000 ಪ್ಲಾಸ್ಟಿಕ್ ಕಣಗಳಿವೆಯೆಂದು 2024ರ ಜನವರಿಯಲ್ಲಿ ಪ್ರಕಟಿಸಿದರು. ನೂರಕ್ಕೆ ತೊಂಬತ್ತರಷ್ಟು ಕಣಗಳು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಿರಿಯವು. ಅದೇ ನ್ಯೂಯಾರ್ಕ್ ರಾಜ್ಯದ ಫ್ರೆಡೋನಿಯಾದಲ್ಲಿ 2018ರಲ್ಲಿ, ನಮ್ಮದೂ ಸೇರಿದಂತೆ ಒಂಬತ್ತು ದೇಶಗಳ 259 ಬಾಟಲಿಗಳನ್ನು ಶೋಧಿಸಿದವರಿಗೆ ಕಂಡದ್ದು ಲೀಟರಿಗೆ ಸರಾಸರಿ 325 ಮಾತ್ರ.

ಶಾಸ್ತ್ರಿಗಳು: ಆರು ವರ್ಷಗಳಲ್ಲಿ ನೀರು ಅಷ್ಟು ಕೆಟ್ಟಿತೇ?

ರಾಯರು: ನೀರು ಆಗಲೂ ಹೀಗೆಯೇ ಇದ್ದಿರಬೇಕು, ಹರಿತವಾದುದು ನೋಡುವ ಕಣ್ಣು. ನನ್ನನ್ನು ಹೆಚ್ಚು ನೋಯಿಸಿದ ಸಂಗತಿ ಬೇರೆ. ಕೆಲವು ಕಣಗಳು ಬಾಟಲಿಯವೇ; ಹಿಂಡಿದಾಗ, ಕಾದಾಗ, ಮುಚ್ಚಳ ತಿರುಗಿಸಿದಾಗ ಉದುರುವಂಥವು. ಅವುಗಳಿಗಿಂತ ಹೆಚ್ಚಾಗಿ ದೊರೆತ ಪಾಲಿಅಮೈಡ್, ಎಂದರೆ ನೈಲಾನಿನ ಜಾತಿಯದು, ನೀರನ್ನು ಶುದ್ಧಗೊಳಿಸಲೆಂದು ಇಟ್ಟ ಶೋಧಕದಿಂದಲೇ ಬಂದಿರಬಹುದೆಂದು ಕೊಲಂಬಿಯಾದವರ ಊಹೆ.

ಶಾಸ್ತ್ರಿಗಳು: ಬೇಲಿಯೇ ಹೊಲ ಮೇಯ್ದಂತಾಯಿತು. ದೇಹಕ್ಕೆ ಹಾನಿಯುಂಟೆಂಬುದು ಸಿದ್ಧವಾಗಿದೆಯೋ?

ರಾಯರು: ಇಲ್ಲ. ನಿರ್ಣಯಕ್ಕೆ ಬೇಕಾದಷ್ಟು ಪ್ರಮಾಣ ದೊರೆತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಕತ್ತಿನ ಅಪಧಮನಿಯಿಂದ ತೆಗೆದ ಕೊಬ್ಬಿನ ಪದರದಲ್ಲಿ ಪ್ಲಾಸ್ಟಿಕ್ ಇದ್ದ ರೋಗಿಗಳಿಗೆ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಆಪತ್ತುಗಳು ಹೆಚ್ಚೆಂದು ಇಟಲಿಯ ವೈದ್ಯರು 2024ರಲ್ಲಿ ಕಂಡರು. ಕಾರಣ ಅದೇ ಎಂದು ಅವರೂ ಹೇಳಲಿಲ್ಲ. ಹೀಗಿರುವಾಗ ಮಾರುವವನನ್ನು ದೂಷಿಸುವುದು ನ್ಯಾಯವೇ ಎಂದು ನನಗೇ ಸಂದೇಹ.

ಶಾಸ್ತ್ರಿಗಳು: ಸಹಚಾರಮಾತ್ರದಿಂದ ಕಾರಣತ್ವ ಸಿದ್ಧಿಸದೆಂಬುದನ್ನು ನಾನೂ ಬಲ್ಲೆ. ಆದರೆ, ರಾಯರೇ, ಮೊದಲು ಪ್ರತಿಜ್ಞೆ ಮಾಡಿದವರಾರು? ‘ಶುದ್ಧ’ವೆಂದು ಬಾಟಲಿಯ ಮೇಲೆ ಬರೆದು, ಆ ಶಬ್ದಕ್ಕೇ ಬೆಲೆ ಕಟ್ಟಿ, ಬಾವಿಯನ್ನೂ ನಲ್ಲಿಯನ್ನೂ ಜನ ನಂಬದಂತೆ ಮಾಡಿದವನು ಮಾರುವವನೇ. ಪರ್ವತದಲ್ಲಿ ಬೆಂಕಿಯಿದೆಯೆಂದವನು ಹೊಗೆಯನ್ನು ತೋರಿಸಬೇಕಾದಂತೆ, ನೀರು ಶುದ್ಧವೆಂದವನು ಹೇತುವನ್ನು ತೋರಿಸಬೇಕು. ಕುಡಿಯುವವನೇ ರೋಗಿಯಾಗಿ ಅಶುದ್ಧಿಯನ್ನು ಸಾಧಿಸಿಕೊಡಲೆಂದು ಕಾಯುವುದು ಯಾವ ವಾದದಲ್ಲಿಯೂ ಸಲ್ಲದು. ಎಣಿಸುವ ಉಪಾಯ ಈಗ ದೊರೆತಿದೆ. ಎಣಿಸಲಿ, ಎಣಿಸಿ, ಆ ಸಂಖ್ಯೆಯನ್ನು ‘ಶುದ್ಧ’ವೆಂಬ ಅಕ್ಷರಗಳ ಪಕ್ಕದಲ್ಲಿಯೇ ಅಚ್ಚುಮಾಡಲಿ, ಅಲ್ಲಿಯವರೆಗೆ ಆ ಶಬ್ದವನ್ನು ಅಳಿಸಲಿ.