ತುಕಾರಾಮನ ಹಾಡು, ಜಿಜಾಯಿಯ ಒಲೆ

ಆಷಾಢ ಬಂತೆಂದರೆ ನಮ್ಮ ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಪಂಢರಪುರದ ಮಾತೇ ಮಾತು. ತುಕಾರಾಮನ ಅಭಂಗಗಳು ನಮ್ಮ ಕಿವಿಗೂ ಬೀಳುತ್ತವೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುತ್ತ ಬದುಕುವ ನಾವು ಈ ಸಂತನನ್ನು ಹೊರಗಿನವನೆಂದು ಎಣಿಸಿದವರಲ್ಲ. 1963ರ ಕನ್ನಡ ಚಿತ್ರದಲ್ಲಿ ರಾಜಕುಮಾರರೂ ಅವನ ಪಾತ್ರ ಮಾಡಿದ್ದಾರೆ. ಆದರೆ ಈ ಸಲ ನಾವು ವಿಚಾರ ಮಾಡಬೇಕೆಂದಿರುವುದು ಅದಕ್ಕಿಂತ ಹಳೆಯ ಚಿತ್ರವನ್ನು: 1936ರಲ್ಲಿ ಪುಣೆಯ ಪ್ರಭಾತ್ ಕಂಪನಿ ತೆಗೆದ ಮರಾಠಿ ‘ಸಂತ ತುಕಾರಾಮ’. ದಾಮ್ಲೆ ಮತ್ತು ಫತ್ತೇಲಾಲ್ ಅದರ ನಿರ್ದೇಶಕರು. 1937ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿಯೂ ಅದಕ್ಕೆ ಮನ್ನಣೆ ಸಿಕ್ಕಿತು.

ಚಿತ್ರದ ತುಂಬ ಹಾಡು. ತುಕಾರಾಮನ ಪಾತ್ರದಲ್ಲಿ ವಿಷ್ಣುಪಂತ ಪಾಗನೀಸರು ನಟಿಸುತ್ತಿದ್ದಾರೆಂದು ಅನಿಸುವುದೇ ಇಲ್ಲ, ಪ್ರಾರ್ಥಿಸುತ್ತಿದ್ದಾರೆ ಎನಿಸುತ್ತದೆ. ತನ್ನ ಹಾಡುಗಳನ್ನು ಕದ್ದು ಹೆಸರು ಮಾಡಿಕೊಳ್ಳುವ ಸಾಲೋಮಾಲೋನ ಮೇಲೂ ಅವನಿಗೆ ದ್ವೇಷವಿಲ್ಲ. ಹಾಡಿನ ವಹಿಗಳನ್ನು ಇಂದ್ರಾಯಣಿ ನದಿಗೆ ಹಾಕಬೇಕಾಗಿ ಬಂದಾಗಲೂ ಯಾರನ್ನೂ ಶಪಿಸುವುದಿಲ್ಲ. ಶಿವಾಜಿ ಮಹಾರಾಜರ ಕಾಣಿಕೆಯನ್ನೂ ಬೇಡವೆನ್ನುತ್ತಾನೆ. ಇಷ್ಟೇ ಆಗಿದ್ದರೆ ಇದೂ ಹತ್ತರಲ್ಲಿ ಒಂದು ಭಕ್ತಿಚಿತ್ರವಾಗಿರುತ್ತಿತ್ತು.

ಹಾಗಾಗದಂತೆ ಮಾಡಿದವಳು ಅವನ ಹೆಂಡತಿ ಜಿಜಾಯಿ. ಗೌರಿ ಎಂಬ ನಟಿ ಈ ಪಾತ್ರವನ್ನು ನಮ್ಮ ಓಣಿಯ ಹೆಣ್ಣುಮಗಳಂತೆ ಮಾಡಿದ್ದಾರೆ. ಗಂಡ ಹಾಡುತ್ತ ಕುಳಿತರೆ ಮಕ್ಕಳ ಹೊಟ್ಟೆಯ ಚಿಂತೆ ಅವಳದು. ಮಗನಿಗೆ ಕಾಯಿಲೆಯಾದಾಗ ಅವನನ್ನು ಗುಡಿಗೆ ಎಳೆದೊಯ್ದು, ಕೈಯಲ್ಲಿ ಚಪ್ಪಲಿ ಹಿಡಿದು ವಿಠ್ಠಲನನ್ನೇ ಬೈಯುತ್ತಾಳೆ. ಅವಳ ಮಾತಿಗೆ ನಮಗೆ ನಗು ಬರುತ್ತದೆ. ಆದರೆ ಚಿತ್ರ ಅವಳನ್ನು ನಗೆಪಾಟಲು ಮಾಡುವುದಿಲ್ಲ. ಕೊನೆಗೆ ತುಕಾರಾಮ ವೈಕುಂಠಕ್ಕೆ ಹೋಗುತ್ತಾನೆ, ಅವಳು ಮಕ್ಕಳೊಂದಿಗೆ ಮನೆಯಲ್ಲಿ ಉಳಿಯುತ್ತಾಳೆ.

ನಮ್ಮ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಒಬ್ಬನು ದೇವರಿಗಾಗಿ ತ್ಯಾಗ ಮಾಡಿದಾಗ, ಅದರ ಬೆಲೆಯನ್ನು ಇನ್ನೊಬ್ಬರು ತೆರುವುದು ನ್ಯಾಯವೇ? ತನ್ನ ಮಾನವನ್ನು, ತನ್ನ ಹಾಡನ್ನು ಬಿಟ್ಟುಕೊಡುವುದು ತುಕಾರಾಮನಿಗೆ ಬಿಟ್ಟದ್ದು. ಆದರೆ ಮಕ್ಕಳ ಊಟ ಅವನೊಬ್ಬನದಲ್ಲ. ರಾಜನ ಕಾಣಿಕೆ ಬೇಡವೆಂದವನು ಅವನು. ಮರುದಿನ ಒಲೆ ಹಚ್ಚಬೇಕಾದವಳು ಅವಳು.

‘ಪ್ರಭು ಯೇಸುವೇ ಮನೆಮಾರು ಬಿಟ್ಟು ಬಾ ಎಂದು ಕರೆಯಲಿಲ್ಲವೇ?’ ಎಂದು ಯಾರಾದರೂ ಕೇಳಬಹುದು. ನಿಜ, ಕರೆದರು. ಆದರೆ ಅದೇ ಪ್ರಭು ಪೇತ್ರನ ಮನೆಯೊಳಗೆ ಹೋಗಿ, ಜ್ವರದಿಂದ ಮಲಗಿದ್ದ ಅವನ ಅತ್ತೆಯ ಕೈಹಿಡಿದು ಎಬ್ಬಿಸಿದರು. ತಂದೆತಾಯಿಗೆ ಸಲ್ಲಬೇಕಾದುದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಅವರು ಕಟುವಾಗಿ ಖಂಡಿಸಿದ್ದು ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿದೆ. ಬೇರೆಯವರಿಗೆ ಸೇರಿದ್ದನ್ನು ದೇವರಿಗೆ ಕೊಟ್ಟರೆ ಅದು ಕಾಣಿಕೆಯಾಗುವುದಿಲ್ಲ.

ಧರ್ಮಸಭೆಗೂ ಈ ಅರಿವಿದೆ. ವಿವಾಹ ಬಂಧನ ಇರುವವರೆಗೆ ಗಂಡನಾಗಲಿ ಹೆಂಡತಿಯಾಗಲಿ ಸನ್ಯಾಸ ಸಭೆಯ ನವದೀಕ್ಷೆಗೆ ಸೇರಿದರೆ, ಆ ಸೇರ್ಪಡೆ ಧರ್ಮಸಭೆಯ ಕಾನೂನಿನಂತೆ ಊರ್ಜಿತವಲ್ಲ. ವಿವಾಹಿತನೊಬ್ಬ ಶಾಶ್ವತ ಡೀಕನ್ ಆಗಬೇಕಾದರೆ ಅವನಿಗೆ 35 ವರ್ಷ ತುಂಬಿರಬೇಕು, ಅವನ ಹೆಂಡತಿ ಒಪ್ಪಿರಬೇಕು. ಬಲಿಪೀಠದ ಸೇವೆಗೂ ಮನೆಯಾಕೆಯ ‘ಹೂಂ’ ಬೇಕು.

ನಮ್ಮದೇ ರಾಜ್ಯದ ಇನ್ನೊಂದು ಮನೆಯ ಕಥೆಯೂ ಇದೆ. ಮರಾಠಿ ಕವಿ ನಾರಾಯಣ ವಾಮನ ಟಿಳಕರು ತಾವು ಕ್ರಿಸ್ತನ ಬಳಿಗೆ ಬಂದದ್ದು ತುಕಾರಾಮನೆಂಬ ಸೇತುವೆ ದಾಟಿ ಎಂದು ಹೇಳುತ್ತಿದ್ದರು. 1895ರಲ್ಲಿ ಅವರು ಪ್ರೊಟೆಸ್ಟಂಟ್ ಸಭೆಯಲ್ಲಿ ಜ್ಞಾನಸ್ನಾನ ಪಡೆದಾಗ, ಪತ್ನಿ ಲಕ್ಷ್ಮೀಬಾಯಿಯವರು ವರ್ಷಗಟ್ಟಲೆ ಅವರಿಂದ ಅಗಲಿ ಇರಬೇಕಾಯಿತು. 1900ರಲ್ಲಿ ಆಕೆಯೂ ಜ್ಞಾನಸ್ನಾನ ಪಡೆದರು. ತಮ್ಮ ಕಥೆಯನ್ನು ಆಕೆಯೇ ‘ಸ್ಮೃತಿಚಿತ್ರೆ’ಯಲ್ಲಿ ಬರೆದಿದ್ದರಿಂದ, ಗಂಡನ ನಂಬಿಕೆಗೆ ಹೆಂಡತಿ ತೆತ್ತ ಬೆಲೆ ಏನೆಂದು ಇಂದು ನಮಗೆ ತಿಳಿಯುತ್ತದೆ. ಜಿಜಾಯಿಯ ಕಥೆಯನ್ನು ಹೀಗೆ ಬರೆದವರು ಯಾರಿದ್ದರು? ಸುಮಾರು ಮುನ್ನೂರು ವರ್ಷಗಳ ಮೇಲೆ ಒಂದು ಸಿನೆಮಾ ಅವಳಿಗೆ ಮಾತಾಡುವ ಬಾಯಿ ಕೊಟ್ಟಿತು.

ಮಾರ್ತಳು ಮತ್ತು ಮರಿಯಳ ಪ್ರಸಂಗದಲ್ಲಿ ಪ್ರಭುವಿನ ಪಾದದ ಬಳಿ ಕುಳಿತ ಮರಿಯಳನ್ನು ನಾವು ಹೊಗಳುತ್ತೇವೆ. ಅದು ಸರಿಯೇ. ಆದರೆ ಯೊವಾನ್ನನ ಶುಭಸಂದೇಶದಲ್ಲಿ, ಲಾಸರನು ಸತ್ತ ದುಃಖದ ನಡುವೆಯೂ ಯೇಸುವೇ ಕ್ರಿಸ್ತನೆಂದು ಸಾರಿ ಹೇಳಿದವಳು ಅಡುಗೆಮನೆಯ ಮಾರ್ತಳೇ. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಜುಲೈ 29ನ್ನು ಮಾರ್ತಳು, ಮರಿಯಳು ಮತ್ತು ಲಾಸರನು ಮೂವರ ಸ್ಮರಣೆಯ ದಿನವಾಗಿ ಮಾಡಿದರು. ಹಾಡುವವರೂ ಅಡುಗೆ ಮಾಡುವವರೂ ಒಂದೇ ಮನೆಯ ಸಂತರು.

ತುಕಾರಾಮನ ಭಕ್ತಿ ಸುಳ್ಳೆಂದು ನಾವು ಹೇಳುತ್ತಿಲ್ಲ. ಆ ಭಕ್ತಿ ಎಷ್ಟು ದೊಡ್ಡದೆಂಬುದು ಜಿಜಾಯಿಯನ್ನು ನೋಡಿದ ಮೇಲೆಯೇ ಪೂರ್ತಿ ತಿಳಿಯುವುದು. ನಮ್ಮದು ಚಿಕ್ಕ ಸಮುದಾಯ. ಗಾಯನವೃಂದ, ಪಾಲನಾ ಸಮಿತಿ, ಹಳ್ಳಿಯ ಪ್ರಾರ್ಥನಾಕೂಟ ಎಲ್ಲವೂ ನಾಲ್ಕಾರು ಮನೆಗಳ ಮೇಲೆಯೇ ನಿಂತಿವೆ. ರಾತ್ರಿ ಹತ್ತಕ್ಕೆ ಕೂಟ ಮುಗಿಸಿ ಬಂದವನಿಗೆ ರೊಟ್ಟಿ ಬಡಿದು ಹಾಕಿ, ನಸುಕಿನಲ್ಲೆದ್ದು ಹೊಲಕ್ಕೆ ಕೂಲಿಗೆ ಹೋಗುವವಳ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ. ಹೊಸ ಹೊಣೆ ಒಪ್ಪಿಕೊಳ್ಳುವ ಮೊದಲು, ದೊಡ್ಡ ಕಾಣಿಕೆಯ ಮಾತು ಕೊಡುವ ಮೊದಲು, ಮನೆಗೆ ಹೋಗಿ ಅವಳನ್ನು ಕೇಳೋಣ. ಅವಳು ಬೈದರೆ ಆ ಬೈಗುಳವನ್ನೂ ಪೂರ್ತಿ ಕೇಳಿಸಿಕೊಳ್ಳೋಣ. ದೇವರು ಅದರಲ್ಲಿಯೂ ನಮಗೆ ಏನಾದರೂ ಹೇಳುತ್ತಿರಬಹುದು.